ಪರದೆಯ ದೋಷ, ಲೆಕ್ಕಪತ್ರಕ್ಕೆ ಅಪಾಯ

ಭಟ್ಕಳದ ಬಟ್ಟೆ ಅಂಗಡಿಯಿರಲಿ, ಹೊನ್ನಾವರದ ಮೀನು ವ್ಯಾಪಾರವಿರಲಿ, ಕುಮಟಾದ ಅಡಿಕೆ ವಹಿವಾಟಿರಲಿ, ಖಾತೆ-ಕಿರ್ದಿಗಳ ಸ್ಥಾನವನ್ನು ಇಂದು ಗಣಕಯಂತ್ರವು ಪಡೆದುಕೊಂಡಿದೆ. ಬಿಲ್ಲು, ಜಿಎಸ್‌ಟಿ ವಿವರಪಟ್ಟಿ, ಬ್ಯಾಂಕ್ ವ್ಯವಹಾರಗಳು ಅನೇಕ ಕಡೆ ಒಂದೇ ಯಂತ್ರದಲ್ಲಿ ನಡೆಯುತ್ತವೆ. ಆದುದರಿಂದ ಪರದೆಯ ಮೇಲೆ ಚಿತ್ರ ಮೂಡಿಸುವ ತಂತ್ರಾಂಶದ ದೋಷವೂ ವರ್ತಕರಿಗೆ ಕ್ಷುಲ್ಲಕ ಸಂಗತಿಯಲ್ಲ. 2010ರ ಪ್ರಕರಣವೊಂದು ಇದಕ್ಕೆ ನಿದರ್ಶನ.

ಆ ವರ್ಷದ ಮೇ 18ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 7ರ 64 ಬಿಟ್ ಆವೃತ್ತಿ ಹಾಗೂ ವಿಂಡೋಸ್ ಸರ್ವರ್ 2008 ಆರ್2 ಕುರಿತು ಎಚ್ಚರಿಕೆ ಪ್ರಕಟಿಸಿತು. ದೋಷವಿದ್ದುದು ಕೆನಾನಿಕಲ್ ಡಿಸ್‌ಪ್ಲೇ ಡ್ರೈವರ್ ಎಂಬ ಭಾಗದಲ್ಲಿ. ಈ ಡ್ರೈವರನ್ನು ಅಂಗಡಿಯ ಮುಂಭಾಗದಿಂದ ತಿಜೋರಿಯ ಕೋಣೆಗೆ ಚೀಟಿ ಒಯ್ಯುವ ಗುಮಾಸ್ತನಿಗೆ ಹೋಲಿಸಬಹುದು. ಸಾಮಾನ್ಯ ತಂತ್ರಾಂಶಗಳ ಮೆಮೊರಿಯಿಂದ ಕಾರ್ಯಾಚರಣ ವ್ಯವಸ್ಥೆಯ ಒಳಗಿನ ಮೆಮೊರಿಗೆ ಮಾಹಿತಿಯನ್ನು ನಕಲಿಸುವಾಗ ಅದು ಸರಿಯಾಗಿ ಪರಿಶೀಲಿಸುತ್ತಿರಲಿಲ್ಲ. ಪರಿಣಾಮವಾಗಿ, ದುರುದ್ದೇಶದಿಂದ ರಚಿಸಿದ ಚಿತ್ರವೊಂದನ್ನು ತೆರೆದರೆ ಯಂತ್ರವು ಸ್ತಬ್ಧವಾಗಿ ತಾನಾಗಿಯೇ ಪುನರಾರಂಭಗೊಳ್ಳುವ ಸಂಭವವಿತ್ತು. ಅನ್ಯರ ಆಜ್ಞೆಗಳು ಯಂತ್ರದಲ್ಲಿ ನಡೆಯುವ ಸಾಧ್ಯತೆಯೂ ಇತ್ತಾದರೂ ಅದು ಸುಲಭಸಾಧ್ಯವಾಗಿರಲಿಲ್ಲ.

ದುರಸ್ತಿ ದೊರೆತದ್ದು ಜುಲೈ 13ರಂದು, ಅಂದರೆ ಎಂಟು ವಾರಗಳ ನಂತರ. ಅಲ್ಲಿಯವರೆಗೆ ಏರೋ ಎಂಬ ಪರದೆಯ ಅಲಂಕಾರವನ್ನು ನಿಷ್ಕ್ರಿಯಗೊಳಿಸುವಂತೆ ಸಂಸ್ಥೆ ಸಲಹೆ ನೀಡಿತ್ತು.

ಈ ಪ್ರಕರಣದ ಪಾಠ ಸ್ಪಷ್ಟ. ದೋಷ ಎಲ್ಲ ತಂತ್ರಾಂಶಗಳಲ್ಲೂ ಇರಬಹುದು. ದುರಸ್ತಿ ದೊರೆಯುವ ಯಂತ್ರ ಮಾತ್ರ ಸುರಕ್ಷಿತ. ವಿಂಡೋಸ್ 7ಕ್ಕೆ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು ಮುಗಿಯಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಹಳೆಯ ಯಂತ್ರ ಚೆನ್ನಾಗಿ ನಡೆಯುತ್ತಿದೆಯೆಂಬ ಕಾರಣಕ್ಕೆ ಅದರಲ್ಲೇ ಬ್ಯಾಂಕ್ ವ್ಯವಹಾರ ಮುಂದುವರಿಸುವುದು ಉಳಿತಾಯವಲ್ಲ.

ವರ್ತಕರು ಹಾಗೂ ಸಣ್ಣ ಉದ್ಯಮಿಗಳು ಕೆಲವು ಕ್ರಮಗಳನ್ನು ರೂಢಿಸಿಕೊಳ್ಳುವುದು ಒಳಿತು. ಪರವಾನಗಿಯುಳ್ಳ ತಂತ್ರಾಂಶ ಬಳಸಿ ಸ್ವಯಂಚಾಲಿತ ಪರಿಷ್ಕರಣೆಯನ್ನು ಚಾಲನೆಯಲ್ಲಿಡಬೇಕು. ಅಪರಿಚಿತರು ಕಳುಹಿಸಿದ ಚಿತ್ರ, ಕಡತಗಳನ್ನು ಲೆಕ್ಕದ ಯಂತ್ರದಲ್ಲಿ ತೆರೆಯಬಾರದು. ಲೆಕ್ಕಪತ್ರಗಳ ಪ್ರತಿಯನ್ನು ಹೊರ ಡಿಸ್ಕಿನಲ್ಲಿ ಉಳಿಸಿ, ಕೆಲಸ ಮುಗಿದೊಡನೆ ಅದನ್ನು ಯಂತ್ರದಿಂದ ಬೇರ್ಪಡಿಸಬೇಕು. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ ಪ್ರಕಟಿಸುವ ಎಚ್ಚರಿಕೆಗಳನ್ನು ಗಮನಿಸುತ್ತಿರಬೇಕು. ಹಣ ವಂಚನೆಯಾದಲ್ಲಿ ತಡಮಾಡದೆ 1930 ಸಹಾಯವಾಣಿಗೆ ತಿಳಿಸಬೇಕು.

ಕರಾವಳಿಯ ವರ್ತಕನು ಮಳೆ ಹಿಡಿಯುವ ಮುನ್ನವೇ ಗೋದಾಮಿನ ಹಂಚು ಸರಿಪಡಿಸುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ಅದೇ ಮುಂಜಾಗ್ರತೆ ಅಗತ್ಯ.