ತಕ್ಕಡಿಗೆ ಬಂದ ಚೀಲ ಪಟ್ಟಿಗೆ ಬರಲಿಲ್ಲವೇಕೆ?

ಎಕ್ಸೆಲ್ ಹಾಳೆಯಿಂದ ಲೆಕ್ಕದ ಪ್ರೋಗ್ರಾಂಗೆ ಅಂಕಿಗಳು ಸಾಗುವಾಗ ಆಗುವ ತೊಡಕುಗಳು ಮತ್ತು ಪರಿಹಾರ



ಕೆಲವು ವರ್ಷಗಳ ಹಿಂದಿನ ಮಾತು. ನಾನು ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದ ಒಂದು ಚಿಕ್ಕ ಸಂಘದಲ್ಲಿ ಅಂದು ಮಾರಾಟದ ಪಟ್ಟಿ ಹಂಚುವ ದಿನ. ಮಧ್ಯಾಹ್ನದ ಹೊತ್ತಿಗೆ ಸದಸ್ಯರೊಬ್ಬರು ಬಂದು ತಮ್ಮ ತೂಕದ ಚೀಟಿಗಳನ್ನು ಮೇಜಿನ ಮೇಲಿಟ್ಟರು. "ಹನ್ನೊಂದು ಚೀಲ ಚಾಲಿ, ಆರು ಚೀಲ ರೋಬಸ್ಟ ಚೆರ್ರಿ ಕೊಟ್ಟಿದ್ದೇನೆ ಸ್ವಾಮಿ. ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲವಲ್ಲ?" ಎಂದರು.

ಗುಮಾಸ್ತರು ಎಕ್ಸೆಲ್ ಹಾಳೆ ತೆರೆದು ತೋರಿಸಿದರು. ಹದಿನೇಳು ಚೀಲಗಳೂ ಅಲ್ಲಿ ಸರಿಯಾಗಿಯೇ ನಮೂದಾಗಿದ್ದವು. ಸಂಘದ ಒಟ್ಟು ಆವಕದ ತೂಕವೂ ಕಿಲೋಗೆ ಕಿಲೋ ತಾಳೆಯಾಗುತ್ತಿತ್ತು. ಆದರೆ ಪಟ್ಟಿಯಲ್ಲಿ ಮಾತ್ರ ಆ ಸದಸ್ಯರು ಇರಲಿಲ್ಲ.

ಆ ಸದಸ್ಯರಿಗೂ ಅವರ ಅಣ್ಣನಿಗೂ ಹಿಂದಿನ ವರ್ಷವಷ್ಟೇ ತೋಟ ಪಾಲಾಗಿತ್ತು. ಅಣ್ಣನಿಗೆ ಹಳೆಯ ಸದಸ್ಯ ಸಂಖ್ಯೆ 214 ಉಳಿದು, ತಮ್ಮನಿಗೆ 214/ಬಿ ಎಂದು ಕೊಡಲಾಗಿತ್ತು. "ಮಾಲು ಅಣ್ಣನ ಖಾತೆಗೆ ಹೋಗಿರಬೇಕು, ಅವನೇ ಏನೋ ಹೇಳಿ ಮಾಡಿಸಿದ್ದಾನೆ" ಎಂಬ ಮಾತು ಅವರ ಬಾಯಿಂದ ಬಂದೇಬಿಟ್ಟಿತು. ಅಣ್ಣನ ಖಾತೆ ನೋಡಿದರೆ ಅಲ್ಲೂ ಆ ಚೀಲಗಳಿರಲಿಲ್ಲ. ತಪ್ಪು ಅಣ್ಣನದಲ್ಲ, ಗುಮಾಸ್ತರದೂ ಅಲ್ಲ. ಹಾಳೆಗೂ ಪ್ರೋಗ್ರಾಂಗೂ ನಡುವಿನ ದಾರಿಯಲ್ಲಿ ಏನಾಗುತ್ತದೆಂದು ಸರಿಯಾಗಿ ತಿಳಿಯದೆ ಪ್ರೋಗ್ರಾಂ ಬರೆದವನು ನಾನು, ತಪ್ಪು ನನ್ನದು.

ಇಂದು ಅನೇಕ ಸಂಘಗಳಲ್ಲಿ, ಬೆಳೆಗಾರರ ಮನೆಗಳಲ್ಲೂ, ಎಕ್ಸೆಲ್ ಹಾಳೆಯಲ್ಲಿ ಬರೆದು ಪ್ರೋಗ್ರಾಂನಲ್ಲಿ ಲೆಕ್ಕ ತೆಗೆಯುವ ಪದ್ಧತಿಯಿದೆ. ಕಂಪ್ಯೂಟರ್ ಓದಿದ ಮಕ್ಕಳು ಮನೆಯ ಲೆಕ್ಕಕ್ಕೆ ಸಣ್ಣ ಪ್ರೋಗ್ರಾಂ ಬರೆದುಕೊಡುವುದೂ ಉಂಟು. ಆದ್ದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿಸುವುದು ಉಚಿತವೆಂದು ಭಾವಿಸಿದ್ದೇನೆ.

ಡ್ರೈವರ್ ಎಂದರೇನು?

ಇಲ್ಲಿ ಡ್ರೈವರ್ ಎಂದರೆ ಜೀಪು ಓಡಿಸುವವನಲ್ಲ, ದುಭಾಷಿ ಎಂದುಕೊಳ್ಳಿ. ಪ್ರೋಗ್ರಾಂಗೆ ಎಕ್ಸೆಲ್ ಕಡತದ ಭಾಷೆ ಬಾರದು. ನಡುವೆ ನಿಂತು ಸಾಲುಗಳನ್ನು ಓದಿ ಹೇಳುವ ಇನ್ನೊಂದು ಸಣ್ಣ ಪ್ರೋಗ್ರಾಂ ಬೇಕು. ಅದೇ ಡ್ರೈವರ್. ಹೀಗೆ ಬೇರೆ ಬೇರೆ ಬಗೆಯ ಕಡತಗಳನ್ನು ಒಂದೇ ರೀತಿಯಲ್ಲಿ ಕೇಳಿ ಓದುವ ಓಡಿಬಿಸಿ ಎಂಬ ವ್ಯವಸ್ಥೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ 1992ರಲ್ಲಿ ಹೊರತಂದಿತು. ಎಕ್ಸ್‌ಎಲ್‌ಎಸ್ ಎಂಬ ಹಳೆಯ ರೂಪದ ಕಡತಗಳಿಗೆ ಬಹುಕಾಲ ಬಳಕೆಯಾದದ್ದು ಜೆಟ್ 4.0. ಎಕ್ಸೆಲ್ 2007ರೊಂದಿಗೆ ಎಕ್ಸ್‌ಎಲ್‌ಎಸ್‌ಎಕ್ಸ್ ಎಂಬ ಹೊಸ ರೂಪ ಬಂತು. ಅದನ್ನು ಜೆಟ್ ಓದಲಾರದು. ಅದಕ್ಕೆ ಏಸ್ ಎಂಬ ಹೊಸ ಡ್ರೈವರ್ ಬೇಕಾಯಿತು.

ಚೀಲದ ಬಾಯಿಯ ಎಂಟು ಅಡಿಕೆ

ಈಗ ನಮ್ಮ 214/ಬಿ ಎಲ್ಲಿ ಹೋಯಿತೆಂದು ನೋಡೋಣ.

ಎಕ್ಸೆಲ್‌ನಲ್ಲಿ ಒಂದೇ ಕಾಲಮ್ಮಿನಲ್ಲಿ ಅಂಕಿಯನ್ನೂ ಬರೆಯಬಹುದು, ಅಕ್ಷರವನ್ನೂ ಬರೆಯಬಹುದು. ಡ್ರೈವರಿಗೆ ಅದು ಒಗ್ಗದು. ಒಂದು ಕಾಲಮ್ಮಿಗೆ ಒಂದೇ ಜಾತಿ ಎಂಬುದು ಅದರ ನಿಯಮ. ಹಾಗಾದರೆ ಜಾತಿಯನ್ನು ನಿರ್ಧರಿಸುವುದು ಹೇಗೆ? ಮೊದಲ ಎಂಟು ಸಾಲುಗಳನ್ನು ಮಾತ್ರ ನೋಡಿ! ಆ ಎಂಟರಲ್ಲಿ ಅಂಕಿಗಳು ಹೆಚ್ಚಿದ್ದರೆ ಇಡೀ ಕಾಲಮ್ಮು ಅಂಕಿಯದು. ಸಮಸಮವಿದ್ದರೂ ಅಂಕಿಗೇ ಗೆಲುವು. ಆಮೇಲೆ ಕೆಳಗೆಲ್ಲೋ ಅಕ್ಷರವಿರುವ ನಮೂದು ಸಿಕ್ಕರೆ ಅದನ್ನು ಖಾಲಿ ಎಂದು ಓದಿ ಮುಂದೆ ಸಾಗುತ್ತದೆ. ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಚೀಲದ ಬಾಯಲ್ಲಿ ಎಂಟು ಅಡಿಕೆ ತೆಗೆದು ನೋಡಿ ಇಡೀ ಚೀಲಕ್ಕೆ ದರ ಹೇಳುವ ವ್ಯಾಪಾರಿಯನ್ನು ನಾವು ಒಪ್ಪುತ್ತೇವೆಯೆ? ಡ್ರೈವರ್ ಮಾಡುವುದು ಅದನ್ನೇ.

ನಮ್ಮ ಹಾಳೆಯಲ್ಲಿ ಮೊದಲ ಎಂಟು ಸದಸ್ಯ ಸಂಖ್ಯೆಗಳೂ ಶುದ್ಧ ಅಂಕಿಗಳಾಗಿದ್ದವು. 214/ಬಿ ಬಹಳ ಕೆಳಗೆ ಇತ್ತು. ತೂಕದ ಕಾಲಮ್ಮು ಸರಿಯಾಗಿ ಓದಲ್ಪಟ್ಟಿದ್ದರಿಂದ ಒಟ್ಟು ತೂಕ ತಾಳೆಯಾಯಿತು. ಆದರೆ ಸದಸ್ಯ ಸಂಖ್ಯೆ ಖಾಲಿಯಾದ ಸಾಲುಗಳು ಯಾವ ಖಾತೆಗೂ ಸೇರದೆ ಉಳಿದವು. ಒಟ್ಟು ತೂಕವೊಂದನ್ನೇ ನೋಡಿ ನಾವು ನಿಶ್ಚಿಂತೆಯಿಂದ ಇದ್ದೆವು. ಅದುವರೆಗಿನ ವರ್ಷಗಳಲ್ಲಿ ಅಕ್ಷರವಿರುವ ಸಂಖ್ಯೆಯೇ ಇರಲಿಲ್ಲವಾದ್ದರಿಂದ ಈ ದೋಷ ಹೊರಬಿದ್ದಿರಲಿಲ್ಲ.

ಸರಿಪಡಿಸಿದ ಬಗೆ

ಬಲ್ಲವರನ್ನು ಕೇಳಿದಾಗ, ಡ್ರೈವರಿಗೆ ಕೊಡುವ ಸೂಚನೆಯಲ್ಲಿ 'ಐಮೆಕ್ಸ್=1' ಎಂದು ಸೇರಿಸಿ ಎಂದರು. ಮಿಶ್ರ ಕಾಲಮ್ಮನ್ನು ಅಕ್ಷರವೆಂದೇ ಓದು ಎಂಬುದು ಇದರ ಅರ್ಥ. ಸೇರಿಸಿದೆ, ಫಲವಾಗಲಿಲ್ಲ. ಕಾರಣ, ಮಿಶ್ರಣ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದೂ ಅದೇ ಎಂಟು ಸಾಲುಗಳಿಂದ! ಆ ಎಂಟರಲ್ಲಿ ಅಕ್ಷರ ಕಾಣದಿದ್ದರೆ ಈ ಸೂಚನೆಯಿಂದ ಪ್ರಯೋಜನವಿಲ್ಲ.

ಕೊನೆಗೆ ಉಪಯೋಗಕ್ಕೆ ಬಂದದ್ದು ಇನ್ನೊಂದು ಉಪಾಯ. 'ಎಚ್‌ಡಿಆರ್' ಎಂಬ ಸೂಚನೆ ಮೊದಲ ಸಾಲು ಶೀರ್ಷಿಕೆಯೋ ಅಲ್ಲವೋ ಎಂಬುದನ್ನು ತಿಳಿಸುತ್ತದೆ. ಅದಕ್ಕೆ 'ನೋ' ಎಂದು ಕೊಟ್ಟರೆ ಶೀರ್ಷಿಕೆಯ ಸಾಲೂ ಮಾಮೂಲು ಸಾಲಾಗಿ ಎಂಟರೊಳಗೆ ಸೇರುತ್ತದೆ. 'ಸದಸ್ಯ ಸಂಖ್ಯೆ' ಎಂಬ ಅಕ್ಷರಗಳು ಅಲ್ಲಿರುವುದರಿಂದ ಕಾಲಮ್ಮು ಮಿಶ್ರವೆಂದು ಗೊತ್ತಾಗಿ, ಐಮೆಕ್ಸ್ ಸೂಚನೆಯಂತೆ ಎಲ್ಲವೂ ಅಕ್ಷರವಾಗಿ ಓದಲ್ಪಡುತ್ತದೆ. ಆಗ ಪ್ರೋಗ್ರಾಂ ಮೂರು ಕೆಲಸ ಮಾಡಬೇಕು. ಮೊದಲ ಸಾಲನ್ನು ಬಿಟ್ಟುಬಿಡಬೇಕು; ಕಾಲಮ್ಮುಗಳನ್ನು ಎಫ್1, ಎಫ್2 ಎಂಬ ಹೆಸರಿನಿಂದ ಕರೆಯಬೇಕು; ತೂಕ, ದರಗಳನ್ನು ಮತ್ತೆ ಅಂಕಿಯಾಗಿ ಪರಿವರ್ತಿಸಿಕೊಳ್ಳಬೇಕು.

ಇದಕ್ಕಿಂತಲೂ ಒಳ್ಳೆಯದು ಬುಡದಲ್ಲೇ ಸರಿಪಡಿಸುವುದು. ವರ್ಷದ ಹಾಳೆ ತೆರೆದಾಗಲೇ, ಒಂದು ಸಂಖ್ಯೆಯನ್ನೂ ಬರೆಯುವ ಮೊದಲು, ಸದಸ್ಯ ಸಂಖ್ಯೆಯ ಕಾಲಮ್ಮನ್ನು 'ಟೆಕ್ಸ್ಟ್' ಎಂದು ಗೊತ್ತುಮಾಡಬೇಕು. ಬರೆದಾದ ಮೇಲೆ ಬದಲಿಸಿದರೆ ಮೊದಲೇ ಬರೆದ ಅಂಕಿಗಳು ಅಂಕಿಗಳಾಗಿಯೇ ಉಳಿಯುತ್ತವೆ.

ಬ್ಯಾಂಕ್ ಖಾತೆ ಸಂಖ್ಯೆಗೂ ಇದೇ ಕ್ರಮ ಬೇಕು. ಎಕ್ಸೆಲ್ ಒಂದು ಅಂಕಿಯಲ್ಲಿ 15 ಸ್ಥಾನಗಳನ್ನು ಮಾತ್ರ ಕಾಪಾಡುತ್ತದೆ. 16 ಸ್ಥಾನದ ಖಾತೆ ಸಂಖ್ಯೆಯನ್ನು ಅಂಕಿಯಾಗಿ ಬರೆದರೆ ಕೊನೆಯದು ಸೊನ್ನೆಯಾಗುತ್ತದೆ. ಮೊದಲಲ್ಲಿರುವ ಸೊನ್ನೆಗಳು ಉದುರಿಹೋಗುತ್ತವೆ. ಹಣ ಯಾರ ಖಾತೆಗೆ ಹೋಗಬೇಕೆಂಬ ಪ್ರಶ್ನೆ ಇದಾದ್ದರಿಂದ ಉಪೇಕ್ಷೆ ಸಲ್ಲದು.

ಸಂಪರ್ಕವೇ ಆಗದಿದ್ದಾಗ

ಮೇಲೆ ಹೇಳಿದ್ದು ಸದ್ದಿಲ್ಲದ ದೋಷ. ಸದ್ದುಮಾಡುವ ದೋಷಗಳೂ ಇವೆ. ಅವುಗಳಿಗೆ ಹೆದರಬೇಕಿಲ್ಲ, ಕಂಪ್ಯೂಟರ್ ಹೇಳುವ ಮಾತನ್ನು ಗಮನಿಸಿದರೆ ಮೂಲ ಸಿಗುತ್ತದೆ.

1. 'ಪ್ರೊವೈಡರ್ ಈ ಯಂತ್ರದಲ್ಲಿ ನೋಂದಣಿಯಾಗಿಲ್ಲ' ಎಂಬ ಅರ್ಥದ ಸಂದೇಶ: ಡ್ರೈವರ್ ಇಲ್ಲವೇ ಇಲ್ಲ, ಅಥವಾ ಇದ್ದರೂ ಅಳತೆ ಹೊಂದುತ್ತಿಲ್ಲ. ಪ್ರೋಗ್ರಾಂಗಳಲ್ಲೂ ಡ್ರೈವರ್‌ಗಳಲ್ಲೂ 32 ಬಿಟ್, 64 ಬಿಟ್ ಎಂಬ ಎರಡು ಅಳತೆಗಳಿವೆ. ಎರಡಿಂಚಿನ ಪೈಪಿಗೆ ಮೂರಿಂಚಿನ ಕಪ್ಲಿಂಗ್ ಕೂರದಂತೆ ಇವೂ ಒಂದಕ್ಕೊಂದು ಕೂರುವುದಿಲ್ಲ. ಜೆಟ್ 32 ಬಿಟ್‌ನಲ್ಲಿ ಮಾತ್ರ ಇದೆ. ಏಸ್ 2010ರ ಆವೃತ್ತಿಯಿಂದ ಎರಡರಲ್ಲೂ ಸಿಗುತ್ತದೆ. ಆಫೀಸ್ 2019ರಿಂದೀಚೆಗೆ 64 ಬಿಟ್ ತಾನಾಗಿಯೇ ಸ್ಥಾಪನೆಯಾಗುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ನಡೆಯುತ್ತಿದ್ದ ಪ್ರೋಗ್ರಾಂ ಹೊಸದರಲ್ಲಿ ನಿಂತುಹೋಗಲು ಇದೇ ಸಾಮಾನ್ಯ ಕಾರಣ. ಪ್ರೋಗ್ರಾಂ ಮತ್ತು ಡ್ರೈವರ್ ಎರಡನ್ನೂ ಒಂದೇ ಅಳತೆಗೆ ತರಬೇಕು. ಓಡಿಬಿಸಿ ಹೊಂದಿಸುವವರು ಇನ್ನೊಂದನ್ನು ನೆನಪಿಡಬೇಕು: 64 ಬಿಟ್ ವಿಂಡೋಸ್‌ನಲ್ಲಿ 'ಸಿಸ್ಟಂ32' ಎಂಬ ಫೋಲ್ಡರಿನಲ್ಲಿರುವುದು 64 ಬಿಟ್‌ನ ಸಲಕರಣೆ, 32 ಬಿಟ್‌ನದು 'ಸಿಸ್‌ವಾವ್64'ರಲ್ಲಿದೆ! ಹೆಸರು ನಂಬಿ ಮೋಸಹೋದವರು ಬಹಳ.

2. 'ಕಡತ ನಿರೀಕ್ಷಿತ ರೂಪದಲ್ಲಿಲ್ಲ': ಹೊಸ ರೂಪದ ಕಡತವನ್ನು ಜೆಟ್‌ಗೆ ಕೊಟ್ಟಿರಬಹುದು. ಅಥವಾ ಹೆಸರಿಗೆ ಎಕ್ಸ್‌ಎಲ್‌ಎಸ್ ಎಂದಿದ್ದು ಒಳಗೆ ಬೇರೆಯೇ ಇರಬಹುದು. ಎಕ್ಸೆಲ್‌ನಲ್ಲಿ ತೆರೆದು, ಸರಿಯಾದ ರೂಪದಲ್ಲಿ ಮತ್ತೆ ಉಳಿಸಿ.

3. 'ಇನ್‌ಸ್ಟಾಲಬಲ್ ಐಸ್ಯಾಮ್ ಸಿಗಲಿಲ್ಲ': ಹೆಚ್ಚಿನ ವೇಳೆ ಏನೂ ಕಾಣೆಯಾಗಿರುವುದಿಲ್ಲ. ಸಂಪರ್ಕದ ಸೂಚನೆಯಲ್ಲಿ ಉದ್ಧರಣ ಚಿಹ್ನೆಯೋ ಅಕ್ಷರವೋ ತಪ್ಪಿರುತ್ತದೆ.

4. ಹಾಳೆ ಸಿಗಲಿಲ್ಲ ಎಂಬ ದೂರು: ಹಾಳೆಯ ಹೆಸರಿನ ಕೊನೆಗೆ ಡಾಲರ್ ಗುರುತು ಹಾಕಿ, ಚೌಕ ಆವರಣದೊಳಗೆ ಬರೆಯಬೇಕು. ಗುಮಾಸ್ತರು ಹಾಳೆಯ ಹೆಸರು ಬದಲಿಸಿದ್ದಾರೆಯೇ ಎಂದೂ ನೋಡಿ.

5. ಕಡತ ಬಳಕೆಯಲ್ಲಿದೆ ಎಂಬ ಸಂದೇಶ: ಎಕ್ಸೆಲ್‌ನಲ್ಲಿ ತೆರೆದಿಟ್ಟ ಕಡತವನ್ನು ಉಳಿಸಿ, ಮುಚ್ಚಿ, ಆಮೇಲೆ ಪ್ರೋಗ್ರಾಂ ನಡೆಸಿ. ತೆರೆದಿದ್ದಾಗಲೇ ಓದಿಸಿದರೆ ಉಳಿಸದ ತಿದ್ದುಪಡಿಗಳು ಲೆಕ್ಕಕ್ಕೆ ಬರುವ ಭರವಸೆಯಿಲ್ಲ.

ನಮ್ಮ ಕೈಯಲ್ಲಿಲ್ಲದ ತೊಂದರೆಯೂ ಬರುವುದುಂಟು. 2017ರ ಅಕ್ಟೋಬರಿನಲ್ಲಿ ವಿಂಡೋಸ್‌ನ ಭದ್ರತಾ ಪರಿಷ್ಕರಣೆಗಳು ಬಂದ ಬೆನ್ನಿಗೆ, ಜೆಟ್ ಮೂಲಕ ಎಕ್ಸ್‌ಎಲ್‌ಎಸ್ ಕಡತ ಓದುತ್ತಿದ್ದ ಪ್ರೋಗ್ರಾಂಗಳು ಜಗತ್ತಿನ ಹಲವೆಡೆ ನಿಂತವು. ಬಾಹ್ಯ ಡೇಟಾಬೇಸ್ ಡ್ರೈವರಿನಿಂದ ಅನಿರೀಕ್ಷಿತ ದೋಷ ಎಂಬಷ್ಟೇ ಸಂದೇಶ. ಪ್ರೋಗ್ರಾಂ ಬರೆದವರು ತಮ್ಮ ಸಾಲುಗಳಲ್ಲಿ ವ್ಯರ್ಥವಾಗಿ ತಪ್ಪು ಹುಡುಕಿದರು. ಜೆಟ್ ಬಿಟ್ಟು ಏಸ್ ಬಳಸಿರೆಂದು ಮೈಕ್ರೋಸಾಫ್ಟ್ ಸಲಹೆ ಕೊಟ್ಟಿತು. ನವೆಂಬರಿನಲ್ಲಿ ತಿದ್ದುಪಡಿಯೂ ಬಂತು. ನಿನ್ನೆ ನಡೆದದ್ದು ಇಂದು ನಿಂತರೆ, ನಡುವೆ ಏನು ಬದಲಾಯಿತೆಂದು ಮೊದಲು ಕೇಳಬೇಕೆಂಬುದು ಇದರ ಪಾಠ.

ಸದಸ್ಯರು ಮಾಡಬೇಕಾದದ್ದು

ಇದೆಲ್ಲ ಕಂಪ್ಯೂಟರಿನವರ ಕೆಲಸವೆಂದು ಸದಸ್ಯರು ಸುಮ್ಮನಿರಬಾರದು. ತೂಕದ ಚೀಟಿಯನ್ನು ಪಟ್ಟಿ ಕೈಗೆ ಬಂದು ತಾಳೆ ನೋಡುವವರೆಗೆ ಜೋಪಾನವಾಗಿಡಿ. ತೋಟ ಪಾಲಾಗಿ ಹೊಸ ಸಂಖ್ಯೆ ಪಡೆದವರು ಮೊದಲ ಪಟ್ಟಿಯನ್ನು ವಿಶೇಷವಾಗಿ ಪರೀಕ್ಷಿಸಿ. ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಮತ್ತು ಕೊನೆಯ ಅಂಕಿಗಳನ್ನು ಓದಿ ನೋಡಿ.

ಆಡಳಿತ ನಡೆಸುವವರು ಮೂರು ಲೆಕ್ಕ ತಾಳೆ ನೋಡದೆ ಪಟ್ಟಿ ಹಂಚಬಾರದು. ಹಾಳೆಯ ಸಾಲುಗಳೆಷ್ಟು, ಪ್ರೋಗ್ರಾಂ ಓದಿದ ಸಾಲುಗಳೆಷ್ಟು? ಸದಸ್ಯವಾರು ಪಟ್ಟಿಗಳ ತೂಕ ಕೂಡಿದರೆ ಒಟ್ಟು ಆವಕಕ್ಕೆ ಸಮನಾಗುತ್ತದೆಯೆ? ಸದಸ್ಯ ಸಂಖ್ಯೆ ಖಾಲಿಯಿರುವ ಸಾಲುಗಳೆಷ್ಟು? ಮೂರನೆಯದಕ್ಕೆ ಉತ್ತರ ಸೊನ್ನೆಯಲ್ಲದಿದ್ದರೆ ಪ್ರೋಗ್ರಾಂ ಅಲ್ಲಿಯೇ ನಿಲ್ಲಬೇಕು. ನಾನು ಅಂದಿನಿಂದ ಬರೆದ ಪ್ರತಿ ಪ್ರೋಗ್ರಾಂನಲ್ಲೂ ಈ ತಡೆಯನ್ನು ಇಟ್ಟಿದ್ದೇನೆ.

ಅಂದು ಸಂಜೆಯೊಳಗೆ 214/ಬಿ ಖಾತೆಯ ಪಟ್ಟಿ ಸಿದ್ಧವಾಯಿತು. ಅದೇ ಬಗೆಯ ಸಂಖ್ಯೆಯಿದ್ದ ಇನ್ನೂ ನಾಲ್ವರ ಮಾಲೂ ಸಿಕ್ಕಿತು. ಅವರು ಇನ್ನೂ ಪಟ್ಟಿ ಕೇಳಲು ಬಂದಿರಲೇ ಇಲ್ಲ. ತಮ್ಮನ ಪಟ್ಟಿಯನ್ನು ಒಯ್ದು ಕೊಡಲು ಕಾರ್ಯದರ್ಶಿಗಳೊಂದಿಗೆ ನಾನೂ ಹೋಗಿ, ಅಣ್ಣತಮ್ಮಂದಿರಿಬ್ಬರನ್ನೂ ಕೂರಿಸಿ ತಪ್ಪು ನನ್ನದೆಂದು ತಿಳಿಸಿದೆ. ಅಣ್ಣ ಏನೂ ಹೇಳಲಿಲ್ಲ. ತಮ್ಮನಿಗೂ ನಮಗೂ ಕಾಫಿ ತರಿಸಿದರು.