ಟಿಪ್ಪಣಿ ಪುಸ್ತಕಕ್ಕಿಳಿದ ಭಟ್ಟಿ

ಸ್ಕಾಟ್ಲೆಂಡಿನ ಕಿಂಟೈರ್ ಪರ್ಯಾಯ ದ್ವೀಪದ ತುದಿಯಲ್ಲಿ ಕ್ಯಾಂಬೆಲ್‌ಟೌನ್ ಎಂಬ ಬಂದರು ಪಟ್ಟಣವಿದೆ. 1920ರಲ್ಲಿ ಅಲ್ಲಿಗೆ ಹೊಸ ಜೋಡಿಯೊಂದು ಬಂದು ಸಂಸಾರ ಹೂಡಿತು. ಗಂಡ ಮಸಟಾಕ ಟಕೆತ್ಸುರು, ಹಿರೋಶಿಮಾ ಸೀಮೆಯಲ್ಲಿ ಸಾಕೆ ಮದ್ಯ ತಯಾರಿಸುವ ಮನೆತನದವನು. ಹೆಂಡತಿ ರೀಟಾ, ಗ್ಲಾಸ್ಗೋ ಹತ್ತಿರದ ವೈದ್ಯರೊಬ್ಬರ ಮಗಳು. ಎರಡೂ ಕಡೆಯ ಹಿರಿಯರಿಗೆ ಬೇಡವಾಗಿದ್ದ ಮದುವೆ ಅದು. ಟಕೆತ್ಸುರುವಿಗೆ ಕೆಲಸ ಕಲಿಯಲು ಅವಕಾಶ ಕೊಟ್ಟದ್ದು ಹೇಜಲ್‌ಬರ್ನ್ ವಿಸ್ಕಿ ಭಟ್ಟಿ.

1825ರ ಸುಮಾರಿಗೆ ಶುರುವಾದ ಹೇಜಲ್‌ಬರ್ನ್, ಒಂದು ಕಾಲಕ್ಕೆ ಊರಿಗೇ ದೊಡ್ಡ ಭಟ್ಟಿ. ಊರಾದರೂ ಎಂಥದ್ದು! ಆಲ್‌ಫ್ರೆಡ್ ಬರ್ನಾರ್ಡ್ ಎಂಬ ಲೇಖಕ 1880ರ ದಶಕದಲ್ಲಿ ಬಂದಾಗ ಅಲ್ಲಿ 21 ಭಟ್ಟಿಗಳಿದ್ದವು.

ಟಕೆತ್ಸುರು ಕಂಡದ್ದನ್ನೆಲ್ಲ ಬರೆದುಕೊಂಡ. ಬಾರ್ಲಿಗೆ ಮೊಳಕೆ ಬರಿಸುವುದು, ಒಣಗಿಸುವುದು, ಬಿಸಿನೀರಲ್ಲಿ ಸಿಹಿ ಇಳಿಸಿ ಹುಳಿ ಬರಿಸುವುದು ಎಲ್ಲ ಸರಿ. ಕಷ್ಟವಿರುವುದು ತಾಮ್ರದ ಹಂಡೆಯ ಮುಂದೆ. ಮೊದಲು ಬರುವ ಘಾಟು ದ್ರವವನ್ನು ಬೇರೆ ಮಾಡಬೇಕು, ನಡುವಿನದನ್ನು ಹಿಡಿಯಬೇಕು, ಕೊನೆಯದನ್ನು ಮತ್ತೆ ಹಂಡೆಗೆ ಹಾಕಬೇಕು. ಎಲ್ಲಿ ತಿರುಗಿಸಬೇಕೆಂಬ ಅಂದಾಜು ನೋಡಿ ನೋಡಿಯೇ ಬರಬೇಕು. ಆಮೇಲೆ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ. ಪರದೇಶದ ಹುಡುಗನಿಗೆ ಬಾಗಿಲು ತೆರೆದ ಅಲ್ಲಿನವರ ಔದಾರ್ಯಕ್ಕೆ ನಾನಂತೂ ತಲೆದೂಗುತ್ತೇನೆ.

ಅಷ್ಟರಲ್ಲೇ ಕ್ಯಾಂಬೆಲ್‌ಟೌನಿನ ದೆಸೆ ತಿರುಗಿತ್ತು. ಅಮೆರಿಕದಲ್ಲಿ ಪಾನನಿಷೇಧ ಬಂತು. ಬೇಗ ಬೇಗ ಮಾಡಿ ಮಾರುವ ಆಸೆಗೆ ಗುಣಮಟ್ಟ ಕೆಟ್ಟಿತ್ತು. ಮೀನಿನ ಪೀಪಾಯಿಗೆ ವಿಸ್ಕಿ ತುಂಬುತ್ತಾರೆಂಬ ಅಪವಾದವೂ ಅಂಟಿತು. 1925ರಲ್ಲಿ ಹೇಜಲ್‌ಬರ್ನಿನ ಒಲೆ ಆರಿತು. 1930ರ ದಶಕದ ನಡುವಿಗೆ ಊರಲ್ಲಿ ಉಳಿದದ್ದು ಸ್ಪ್ರಿಂಗ್‌ಬ್ಯಾಂಕ್, ಗ್ಲೆನ್ ಸ್ಕೋಷಿಯಾ ಎರಡೇ. ಹೇಜಲ್‌ಬರ್ನಿನ ಗೋದಾಮುಗಳು ಬಹುಕಾಲ ಬೇರೆಯವರ ಪೀಪಾಯಿ ಕಾದವು. ಈಗ ಆ ಜಾಗದಲ್ಲಿ ಸಣ್ಣಪುಟ್ಟ ಕಂಪನಿಗಳಿವೆ.

ಟಕೆತ್ಸುರು ಜಪಾನಿಗೆ ಮರಳಿ ಯಮಜಾಕಿ ಎಂಬಲ್ಲಿ ವಿಸ್ಕಿ ಭಟ್ಟಿ ಕಟ್ಟಿಸಿದ. 1934ರಲ್ಲಿ ಸ್ಕಾಟ್ಲೆಂಡಿನಂತೆಯೇ ಚಳಿಯಿರುವ ಹೊಕ್ಕೈಡೊದ ಯೋಯಿಚಿಯಲ್ಲಿ ತನ್ನದೇ ಭಟ್ಟಿ ಹೂಡಿದ, ಮುಂದೆ ನಿಕ್ಕಾ ಎಂದು ಹೆಸರಾದದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಶತ್ರುದೇಶದವಳೆಂಬ ಸಂಶಯದ ನೋಟ ಸಹಿಸಿಕೊಂಡೂ ರೀಟಾ ಅಲ್ಲೇ ಇದ್ದಳು. 1961ರಲ್ಲಿ ಅಲ್ಲೇ ತೀರಿಕೊಂಡಳು.

ಸ್ಪ್ರಿಂಗ್‌ಬ್ಯಾಂಕಿನವರು 1997ರಿಂದ ಹೇಜಲ್‌ಬರ್ನ್ ಹೆಸರಿನಲ್ಲಿ ವಿಸ್ಕಿ ಇಳಿಸುತ್ತಿದ್ದಾರೆ, ಮೂರು ಬಾರಿ ಭಟ್ಟಿಯಿಳಿಸಿದ್ದು, ಪೀಟ್ ಎಂಬ ಜೌಗುನೆಲದ ಉರುವಲಿನ ಹೊಗೆಯಿಲ್ಲದ್ದು. ಹಳೆಯ ಹೆಸರನ್ನು ಕೈಬಿಡದ ಅವರ ಅಕ್ಕರೆ ದೊಡ್ಡದು. ಆದರೆ ಹಂಡೆಯಡಿ ಕಲ್ಲಿದ್ದಲು ಒಟ್ಟಿ ಉರಿ ಹಾಕುವ ಕೆಲಸ ನೋಡಬೇಕೆಂದರೆ ಇಂದು ಯೋಯಿಚಿಗೆ ಹೋಗಬೇಕು.