ಮುಂದಿನ ಮನೆ ಖಾಲಿ ಇದ್ರೆ ಮಾತ್ರ

ಕೆಂಗೇರಿ ಕಡೆಯಿಂದ ಮೈಸೂರು ರಸ್ತೆಯಲ್ಲಿ ಬರೋರಿಗೆ ನಾಯಂಡಹಳ್ಳಿ ಜಂಕ್ಷನ್ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಎಡಕ್ಕೆ ರಿಂಗ್ ರೋಡಿಗೆ ತಿರುಗಬೇಕಾದವರೂ ನೇರ ಹೋಗೋರ ಸಾಲಿನ ಹಿಂದೆ ಸಿಕ್ಕಿಕೊಂಡಿರ್ತಾರೆ. ಆಕ್ಸಿಡೆಂಟ್ ಆಗಿರಲ್ಲ, ರಸ್ತೆ ಅಗೆದಿರಲ್ಲ. ಹಾಗಾದ್ರೆ ಜಾಮ್ ಯಾಕೆ? ಭೌತಶಾಸ್ತ್ರದಲ್ಲಿ ಇದಕ್ಕೊಂದು ಸರಳ ಮಾದರಿ ಇದೆ, ಹೆಸರು ಟಾಸೆಪ್.

ಚೌಕಾಬಾರದ ಮನೆಗಳನ್ನು ಒಂದೇ ಸಾಲಿಗೆ ಜೋಡಿಸಿದ್ದೀವಿ ಅಂದುಕೊಳ್ಳಿ. ಒಂದು ಮನೆಗೆ ಒಂದೇ ಕಾಯಿ. ಮುಂದಿನ ಮನೆ ಖಾಲಿ ಇದ್ರೆ ಮಾತ್ರ ನಡೆಸಬಹುದು. ಕಡಿಯೋ ಹಾಗಿಲ್ಲ, ಹಿಂದೆ ಬರೋ ಹಾಗಿಲ್ಲ. (ಫುಟ್‌ಪಾತ್ ಹತ್ತೋ ಬೈಕುಗಳು ಈ ಲೆಕ್ಕದಲ್ಲಿಲ್ಲ!) 1968ರಲ್ಲಿ ಮೆಕ್‌ಡೊನಾಲ್ಡ್, ಗಿಬ್ಸ್, ಪಿಪ್ಕಿನ್ ಇದನ್ನು ಬರೆದದ್ದು ಜೀವಕೋಶದಲ್ಲಿ ರೈಬೋಸೋಮ್‌ಗಳು ಆರ್‌ಎನ್‌ಎ ಎಳೆಯ ಮೇಲೆ ಸಾಲಾಗಿ ಸಾಗೋದನ್ನು ವಿವರಿಸೋಕೆ. ವಾಹನಗಳಿಗೂ ಅದೇ ಯೋಚನೆ ಹೊಂದಿತು. ಐಐಟಿ ಕಾನ್ಪುರದ ದೇಬಾಶಿಶ್ ಚೌಧುರಿ ಇಬ್ಬರು ಜರ್ಮನ್ ವಿಜ್ಞಾನಿಗಳ ಜೊತೆ 2000ದಲ್ಲಿ ಬರೆದ ದೊಡ್ಡ ಸಮೀಕ್ಷಾ ಲೇಖನ ಈ ಬಗೆಯ ಮಾದರಿಗಳ ಮೇಲೇ ಇದೆ.

ಇದರ ಲೆಕ್ಕ ಸುಲಭ: ತುಂಬಿದ ಭಾಗವನ್ನು ಖಾಲಿ ಭಾಗದಿಂದ ಗುಣಿಸಿ, ಹರಿವು ಸಿಗುತ್ತೆ. ರಸ್ತೆ ಅರ್ಧ ತುಂಬಿದಾಗ 0.25, ಅದೇ ಗರಿಷ್ಠ. ಶೇ. 20 ತುಂಬಿದ್ರೂ 0.16, ಶೇ. 80 ತುಂಬಿದ್ರೂ 0.16. ಅಂದ್ರೆ ಗಂಟೆಗೆ ದಾಟೋ ಗಾಡಿಗಳು ಅಷ್ಟೇ, ಆದರೆ ಎರಡನೇ ಸಲ ಪ್ರತಿಯೊಬ್ಬರಿಗೂ ನಾಲ್ಕು ಪಟ್ಟು ಸಮಯ. ಮನೆಯಲ್ಲಿ ಮಗು ಮಲಗೋ ಮೊದಲು ತಲುಪ್ತೀವಾ ಇಲ್ವಾ ಅನ್ನೋದು ಇಲ್ಲೇ ತೀರ್ಮಾನ ಆಗೋದು.

ಇನ್ನೊಂದು ವಿಷಯ. ಸಾಲಿನ ಕೊನೆಯಲ್ಲಿ ಹೊರಹೋಗೋ ದಾರಿ ನಿಧಾನವಾದ್ರೆ, ಅಲ್ಲಿಂದ ಹಿಂದಕ್ಕೆ ಇಡೀ ರಸ್ತೆ ತುಂಬ್ತಾ ಬರುತ್ತೆ. ಮಧ್ಯದಲ್ಲಿ ಎಷ್ಟೇ ಅಗಲ ಮಾಡಿ, ಹರಿವು ಹೆಚ್ಚಲ್ಲ. ವೆಸ್ಟ್ ಆಫ್ ಕಾರ್ಡ್ ರೋಡಿನ ಫ್ಲೈಓವರ್‌ಗಳನ್ನೂ ಹೀಗೇ ನೋಡಬೇಕು ಅನ್ಸುತ್ತೆ: ದಾಟಿದ ಸಿಗ್ನಲ್ ಎಷ್ಟು ಅನ್ನೋದಕ್ಕಿಂತ, ಇಳಿದ ಮೇಲೆ ಸಿಗೋ ಸಿಗ್ನಲ್ ಎಷ್ಟು ಗಾಡಿ ಬಿಡುತ್ತೆ ಅನ್ನೋದು ಮುಖ್ಯ.

ರಸ್ತೆಗಳು ಜಾಲವಾದಾಗ ಕಷ್ಟ ಇನ್ನೂ ಜಾಸ್ತಿ. ಒಂದು ರಸ್ತೆಯ ಸಾಲು ಹಿಂದಿನ ಜಂಕ್ಷನ್ ಮುಟ್ಟಿದ್ರೆ, ಆ ಕಡೆ ಹೋಗಬೇಕಿಲ್ಲದವರೂ ನಿಲ್ಲಬೇಕು. ನಾಯಂಡಹಳ್ಳಿಯಲ್ಲಿ ಎಡಕ್ಕೆ ತಿರುಗೋರ ಪಾಡು ಅದೇ. ಅದಕ್ಕೇ ಕೆಲವು ದೇಶಗಳಲ್ಲಿ ಹೆದ್ದಾರಿಗೆ ಸೇರೋ ದಾರಿಯಲ್ಲೇ ಸಿಗ್ನಲ್ ಹಾಕಿ ಗಾಡಿಗಳನ್ನು ಅಳೆದು ಬಿಡ್ತಾರೆ. ಕೆಂಗೇರಿ ಹತ್ತಿರ ಖಾಲಿ ರಸ್ತೆ ಎದುರಿಗೆ ಎರಡು ನಿಮಿಷ ಹೆಚ್ಚು ನಿಲ್ಲಿಸಿದ್ರೆ ನಾವು ಹಾರ್ನ್ ಹೊಡೀತೀವಿ, ನಿಜ. ಆದರೆ ಆ ಎರಡು ನಿಮಿಷದಲ್ಲಿ ನಾಯಂಡಹಳ್ಳಿಯ ಎಡ ತಿರುವು ಬಿಡುವಾಗಬಹುದು.